ಚಳಿಗಾಲದಲ್ಲಿ ತಂಡ ಕಟ್ಟುವ ಅಭಿಮಾನಿಗೆ ಬೇಸ್‌ಬಾಲ್ ಸವಾಂಟ್ ಎಷ್ಟು ನೆರವಾಗುತ್ತದೆ?

2025ರ ಅಕ್ಟೋಬರ್ 20ರ ರಾತ್ರಿ ಟೊರಾಂಟೊದಲ್ಲಿ ಅಲ್ಲಿನ ತಂಡದ ಜಾರ್ಜ್ ಸ್ಪ್ರಿಂಗರ್ ಹೊಡೆದ ಚೆಂಡು ಗೋಡೆ ದಾಟಿದಾಗ ಸಿಯಾಟಲ್ ಮ್ಯಾರಿನರ್ಸ್ ತಂಡಕ್ಕೂ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ಗೂ ನಡುವೆ ಉಳಿದಿದ್ದದ್ದು ಕೇವಲ ಎಂಟು ಔಟ್‌ಗಳು. ಅಮೆರಿಕನ್ ಲೀಗ್ ಫೈನಲ್ ಸರಣಿಯ ಏಳನೇ ಪಂದ್ಯದ ಏಳನೇ ಇನ್ನಿಂಗ್ಸ್‌ವರೆಗೆ 3-1ರಿಂದ ಮುಂದಿದ್ದ ತಂಡ ಕೊನೆಗೆ 4-3ರಿಂದ ಸೋತಿತು. 1977ರಲ್ಲಿ ಆಟ ಆರಂಭಿಸಿದ ಮ್ಯಾರಿನರ್ಸ್ ಇಂದಿಗೂ ವರ್ಲ್ಡ್ ಸೀರೀಸ್ ಆಡಿಲ್ಲ. ಮೇಜರ್ ಲೀಗ್‌ನ ಮೂವತ್ತು ತಂಡಗಳಲ್ಲಿ ಆ ಭಾಗ್ಯ ಕಾಣದ ತಂಡ ಇದೊಂದೇ. ಆ ಸೋಲಿನ ನಂತರ ಎರಡು ದಿನ ನಾನು ಬೇಸ್‌ಬಾಲ್ ಕುರಿತು ಒಂದು ಸಾಲನ್ನೂ ಓದಲಿಲ್ಲ. ಮೂರನೆಯ ದಿನ ಬೇಸ್‌ಬಾಲ್ ಸವಾಂಟ್ ತೆರೆದು, ಮುಂದಿನ ಋತುವಿಗೆ ಯಾರು ಉಳಿಯಬೇಕು, ಯಾರು ಬರಬೇಕು ಎಂಬ ಲೆಕ್ಕಕ್ಕೆ ಕುಳಿತೆ. ಈ ಸೇವೆಯನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನಾದರೂ, ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡಲಾರದು ಎಂಬುದು ನನಗೆ ಸ್ಪಷ್ಟವಾದದ್ದು ಈ ಚಳಿಗಾಲದಲ್ಲಿಯೇ.

ಪರಿಚಯವಿಲ್ಲದವರಿಗಾಗಿ ಕೆಲವು ಮಾತು. ಸವಾಂಟ್ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯೇ ನಡೆಸುವ ಅಂಕಿಅಂಶಗಳ ತಾಣ. ಇದಕ್ಕೆ ಶುಲ್ಕವಿಲ್ಲ. 2015ರಲ್ಲಿ ಎಲ್ಲ ಮೈದಾನಗಳಿಗೂ ಬಂದ ಸ್ಟ್ಯಾಟ್‌ಕಾಸ್ಟ್ ಎಂಬ ಅಳತೆಯ ವ್ಯವಸ್ಥೆಯೇ ಇದರ ಬೆನ್ನೆಲುಬು. 2020ರಿಂದ ಈ ವ್ಯವಸ್ಥೆ ಹಾಕ್-ಐ ಕ್ಯಾಮೆರಾಗಳ ಮೂಲಕ ನಡೆಯುತ್ತಿದೆ. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯು ತೀರ್ಪಿಗೆ ಚೆಂಡಿನ ದಾರಿ ತೋರಿಸುವ ಹಾಕ್-ಐ ಇದೇ. ಚೆಂಡೆಸೆಯುವ ಪಿಚರ್‌ನ ಕೈಬಿಟ್ಟ ಚೆಂಡಿನ ವೇಗ ಮತ್ತು ತಿರುವು, ಬ್ಯಾಟಿಗೆ ತಗುಲಿದ ಚೆಂಡು ಯಾವ ವೇಗದಲ್ಲಿ ಯಾವ ಕೋನದಲ್ಲಿ ಹೊರಟಿತು, ಫೀಲ್ಡರ್ ಎಷ್ಟು ದೂರ ಓಡಿದ, ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಎರಡನೇ ಬೇಸ್‌ಗೆ ಎಷ್ಟು ಕ್ಷಣದಲ್ಲಿ ಎಸೆದ ಎಂಬುದೆಲ್ಲ ಇಲ್ಲಿ ದಾಖಲಾಗುತ್ತದೆ. 2024ರ ಮೇ ತಿಂಗಳಿನಿಂದ ಬ್ಯಾಟ್ ಬೀಸುವ ವೇಗವೂ ಸಾರ್ವಜನಿಕರಿಗೆ ಸಿಗುತ್ತಿದೆ.

ಆಟಗಾರನ ಪುಟ ತೆರೆದೊಡನೆ ಎದುರಾಗುವುದು ಬಣ್ಣದ ವೃತ್ತಗಳ ಸಾಲು. ಲೀಗ್‌ನ ಉಳಿದವರ ಹೋಲಿಕೆಯಲ್ಲಿ ಆತ ನೂರಕ್ಕೆ ಎಷ್ಟನೆಯ ಮೆಟ್ಟಿಲಲ್ಲಿದ್ದಾನೆ ಎಂಬ ಸಂಖ್ಯೆ ವೃತ್ತದೊಳಗಿರುತ್ತದೆ. ಮೇಲಿನ ಮೆಟ್ಟಿಲಿಗೆ ಕಡುಗೆಂಪು, ಕೆಳಗಿನದಕ್ಕೆ ಕಡುನೀಲಿ. ಒಂದೇ ನೋಟಕ್ಕೆ ಆಟಗಾರನ ಜಾತಕವೇ ಕೈಗೆ ಸಿಕ್ಕಂತೆ ಭಾಸವಾಗುತ್ತದೆ, ಮತ್ತು ಬಹಳ ಮಂದಿ ಎಡವುವುದೂ ಇಲ್ಲಿಯೇ. ಬ್ಯಾಟಿಂಗ್‌ನ ವೃತ್ತಗಳು ಆಟಗಾರನ ಸ್ಥಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ಬ್ಯಾಟರ್‌ಗಳು ವಿರಳವಾದ ಸ್ಥಾನದಲ್ಲಿರುವ ಕ್ಯಾಚರ್ ಒಬ್ಬನ ಐವತ್ತನೆಯ ಮೆಟ್ಟಿಲು ತಂಡಕ್ಕೆ ಆಸ್ತಿ, ಬಲವಾದ ಬ್ಯಾಟಿಂಗನ್ನೇ ನಿರೀಕ್ಷಿಸುವ ಮೊದಲ ಬೇಸ್‌ಮನ್‌ನ ಐವತ್ತನೆಯ ಮೆಟ್ಟಿಲು ತಂಡಕ್ಕೆ ಹೊರೆ. ಪುಟದಲ್ಲಿ ಮಾತ್ರ ಎರಡೂ ಒಂದೇ ಮಾಸಲು ಬಣ್ಣದಲ್ಲಿ ಕಾಣುತ್ತವೆ. 2025ರಲ್ಲಿ 60 ಹೋಮ್ ರನ್ (ಗೋಡೆ ದಾಟುವ ಹೊಡೆತ) ಹೊಡೆದು, ಕೆನ್ ಗ್ರಿಫಿ ಜೂನಿಯರ್ 1997 ಮತ್ತು 1998ರಲ್ಲಿ ಬರೆದಿದ್ದ 56ರ ತಂಡದ ದಾಖಲೆಯನ್ನು ಹಿಂದಿಕ್ಕಿದ ಕ್ಯಾಲ್ ರಾಲಿ ಅವರ ಬೆಲೆ ತಿಳಿಯಬೇಕಾದರೆ ಕೆಂಪು ವೃತ್ತಗಳ ಜೊತೆಗೆ ಅವರು ಕ್ಯಾಚರ್ ಎಂಬುದನ್ನೂ ನಾವೇ ನೆನಪಿಟ್ಟುಕೊಳ್ಳಬೇಕು.

ಮ್ಯಾರಿನರ್ಸ್ ಅಭಿಮಾನಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮೈದಾನದ್ದು. ತಂಡದ ತವರಾದ ಟಿ-ಮೊಬೈಲ್ ಪಾರ್ಕ್ ಬ್ಯಾಟರ್‌ಗಳಿಗೆ ಕಠಿಣವಾದ ಮೈದಾನ. 2013ರಲ್ಲಿ ಗೋಡೆಗಳನ್ನು ಒಳಕ್ಕೆ ತಂದರೂ ಅದರ ಸ್ವಭಾವ ಬದಲಾಗಲಿಲ್ಲ. ಸವಾಂಟ್‌ನ ಪಾರ್ಕ್ ಫ್ಯಾಕ್ಟರ್ ಪಟ್ಟಿಯಲ್ಲಿ ನೂರು ಎಂದರೆ ಸರಾಸರಿ ಮೈದಾನ. ರನ್ನುಗಳ ಅಂಕಣದಲ್ಲಿ ಸಿಯಾಟಲ್ ಇತ್ತೀಚಿನ ವರ್ಷಗಳಲ್ಲಿ ಪಟ್ಟಿಯ ತಳದಲ್ಲಿಯೇ ಇದೆ. ಕಣ್ಣು ತೆರೆಸುವುದು ಅದೇ ಪಟ್ಟಿಯ ಮತ್ತೊಂದು ಅಂಕಣ. ಈ ಮೈದಾನದಲ್ಲಿ ಚೆಂಡು ದೂರ ಹೋಗುವುದಿಲ್ಲವೆಂಬುದಷ್ಟೇ ಸಮಸ್ಯೆಯಲ್ಲ, ಬ್ಯಾಟರ್‌ಗಳು ಇಲ್ಲಿ ಬೇರೆಡೆಗಿಂತ ಹೆಚ್ಚು ಸ್ಟ್ರೈಕ್‌ಔಟ್ ಆಗುತ್ತಾರೆ, ಅಂದರೆ ಚೆಂಡನ್ನು ಆಡಲಾಗದೆ ಮೂರು ಸ್ಟ್ರೈಕ್‌ಗೆ ಔಟಾಗುತ್ತಾರೆ. ಹಾಗಿರುವಾಗ, ಮೊದಲೇ ಬೀಸಿ ಬೀಸಿ ಚೆಂಡಿಗೆ ತಾಗಿಸಲಾಗದ ಬ್ಯಾಟರ್‌ನನ್ನು ಕೋಟಿಗಟ್ಟಲೆ ಡಾಲರ್ ಕೊಟ್ಟು ಇಲ್ಲಿಗೆ ತಂದರೆ ಮೈದಾನವು ಅವನ ದೌರ್ಬಲ್ಯಕ್ಕೇ ನೀರೆರೆಯುತ್ತದೆ.

ಇದಕ್ಕೆ ಉದಾಹರಣೆಗಳು ನಮ್ಮ ಕಣ್ಣೆದುರಿಗೇ ಇವೆ. 2023ರಲ್ಲಿ ಬಂದ ಟಿಯೋಸ್ಕರ್ ಹೆರ್ನಾಂಡೆಸ್ 211 ಬಾರಿ ಸ್ಟ್ರೈಕ್‌ಔಟ್ ಆದರು. ಹೊರ ಊರಿನ ಮೈದಾನಗಳಲ್ಲಿ ಅವರ ಆಟ ಚೆನ್ನಾಗಿಯೇ ಇತ್ತು, ತವರಿನಲ್ಲಿ ಸೊರಗಿತು; ಮರುವರ್ಷ ಡಾಡ್ಜರ್ಸ್ ಸೇರಿ 33 ಹೋಮ್ ರನ್ ಹೊಡೆದು ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿ ನಿಂತರು. ಎರಡು ವರ್ಷಕ್ಕೆ 2.4 ಕೋಟಿ ಡಾಲರ್ ಒಪ್ಪಂದದ ಮೇಲೆ ಬಂದ ಮಿಚ್ ಗಾರ್ವರ್ 2024ರಲ್ಲಿ .172ರ ಬ್ಯಾಟಿಂಗ್ ಸರಾಸರಿಗೆ (ಸಾವಿರ ಅವಕಾಶಕ್ಕೆ 172 ಹಿಟ್) ಕುಸಿದರು. 2025ರ ಜುಲೈನಲ್ಲಿ ಮರಳಿ ಬಂದ ಯುಹೇನಿಯೊ ಸುವಾರೆಸ್ ವರ್ಷವಿಡೀ ಸೇರಿ 49 ಹೋಮ್ ರನ್ ಹೊಡೆದಿದ್ದರೂ ಸಿಯಾಟಲ್ ಅಂಗಿಯಲ್ಲಿ ಅವರ ಸರಾಸರಿ .189 ಮಾತ್ರ. ಟೊರಾಂಟೊ ವಿರುದ್ಧದ ಐದನೇ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ ಅವರು ಹೊಡೆದ ಗ್ರ್ಯಾಂಡ್ ಸ್ಲ್ಯಾಮ್ (ನಾಲ್ಕು ರನ್ ತರುವ ಹೋಮ್ ರನ್) ನಾನು ಬದುಕಿರುವವರೆಗೂ ಮರೆಯುವಂಥದ್ದಲ್ಲ, ಆ ಮನುಷ್ಯನ ಮೇಲಿನ ಪ್ರೀತಿಯೂ ಕಡಿಮೆಯಾಗುವಂಥದ್ದಲ್ಲ. ಆದರೂ ಒಂದೇ ಋತುವಿನಲ್ಲಿ 196 ಬಾರಿ ಸ್ಟ್ರೈಕ್‌ಔಟ್ ಆದ ಬ್ಯಾಟರ್‌ನ ಮೇಲೆ ಮುಂದಿನ ವರ್ಷದ ಮೂರನೇ ಬೇಸ್ ಕಟ್ಟುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಸವಾಂಟ್‌ನ ಒಂದು ಅಳತೆಯನ್ನು ಎಚ್ಚರದಿಂದ ಓದಬೇಕು. ಎಕ್ಸ್‌ವೋಬಾ ಎಂದು ಅಭಿಮಾನಿಗಳು ಕರೆಯುವ ನಿರೀಕ್ಷಿತ ಅಂಕ, ಚೆಂಡು ಬ್ಯಾಟಿನಿಂದ ಹೊರಟ ವೇಗ ಮತ್ತು ಕೋನವನ್ನು ನೋಡಿ, ಜೊತೆಗೆ ಸ್ಟ್ರೈಕ್‌ಔಟ್ ಮತ್ತು ವಾಕ್‌ಗಳನ್ನು (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಮೊದಲ ಬೇಸ್) ಸೇರಿಸಿ, ಆ ಬ್ಯಾಟರ್‌ಗೆ ಸಲ್ಲಬೇಕಾಗಿದ್ದ ಫಲ ಇಷ್ಟು ಎಂದು ಹೇಳುತ್ತದೆ. ಅದು ಮೈದಾನದ ಹೊಂದಾಣಿಕೆ ಮಾಡುವುದಿಲ್ಲ. ಬೇರೆ ಊರಿನಲ್ಲಿ ದುರದೃಷ್ಟ ಎಂದು ಓದಬಹುದಾದ ಅಂತರ ಸಿಯಾಟಲ್‌ನಲ್ಲಿ ತಂಪು ಗಾಳಿಯ ಕೆಲಸವೂ ಆಗಿರಬಹುದು. ನಿರೀಕ್ಷೆಗಿಂತ ಕಡಿಮೆ ಫಲ ಪಡೆದ ನಮ್ಮ ಬ್ಯಾಟರ್‌ಗಳು ಮುಂದಿನ ವರ್ಷ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ ಎಂದು ನಾನೂ ಹಿಂದೆ ಹಲವು ಚಳಿಗಾಲಗಳಲ್ಲಿ ನಂಬಿದ್ದೆ. ಆ ನಂಬಿಕೆಗೆ ಆಧಾರ ಸಾಲದು.

ಹೋಮ್ ರನ್ ಪಟ್ಟಿಯಲ್ಲಿಯೂ ಇದೇ ಬಗೆಯ ಒಂದು ಸೂಕ್ಷ್ಮವಿದೆ. ಒಬ್ಬ ಬ್ಯಾಟರ್‌ನ ಹೊಡೆತಗಳು ಮೂವತ್ತು ಮೈದಾನಗಳಲ್ಲಿ ಎಷ್ಟರಲ್ಲಿ ಗೋಡೆ ದಾಟುತ್ತಿದ್ದವು ಎಂಬುದನ್ನು ಅದು ಮೈದಾನವಾರು ತೋರಿಸುತ್ತದೆ; ಮೂವತ್ತರಲ್ಲಿಯೂ ದಾಟುವಂಥವನ್ನು ಸಂದೇಹವಿಲ್ಲದ ಹೊಡೆತಗಳೆಂದು ಪ್ರತ್ಯೇಕಿಸುತ್ತದೆ. ಹೊಸ ಆಟಗಾರನನ್ನು ಸಿಯಾಟಲ್‌ಗೆ ತಂದು ನಿಲ್ಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಆದರೆ ಸಾಮಾನ್ಯ ಆಯ್ಕೆಯಲ್ಲಿ ಅದು ಗೋಡೆಯ ದೂರ ಮತ್ತು ಎತ್ತರವನ್ನಷ್ಟೇ ಪರಿಗಣಿಸುತ್ತದೆ. ವಾತಾವರಣದ ಪರಿಣಾಮವನ್ನೂ ಸೇರಿಸುವ ಮತ್ತೊಂದು ಆಯ್ಕೆಯಿದೆ, ನಮ್ಮ ಮೈದಾನದ ಮಟ್ಟಿಗೆ ನೋಡಬೇಕಾದದ್ದು ಅದನ್ನೇ.

ಸವಾಂಟ್‌ನ ಬಲವೂ ಮಿತಿಯೂ ಒಟ್ಟಿಗೇ ಕಾಣುವುದು ಮೊದಲ ಬೇಸ್‌ಮನ್ ಜಾಶ್ ನೇಲರ್ ಅವರ ಪುಟದಲ್ಲಿ. ಅವರ ಓಟದ ವೇಗದ ವೃತ್ತ ಕಡುನೀಲಿ, ಸಾಲಿನ ಎಡತುದಿಗೆ ಅಂಟಿಕೊಂಡಂತೆ ಕೂತಿದೆ. ಲೀಗ್‌ನ ಸರಾಸರಿ ಸೆಕೆಂಡಿಗೆ 27 ಅಡಿ. ನೇಲರ್ ಅದರ ಹತ್ತಿರಕ್ಕೂ ಬರುವುದಿಲ್ಲ, ಅತ್ಯಂತ ನಿಧಾನ ಓಟಗಾರರ ಗುಂಪಿನವರು. ಅದೇ ನೇಲರ್ 2025ರಲ್ಲಿ 30 ಬೇಸ್ ಕದ್ದರು, ಅಂದರೆ ಪಿಚರ್ ಚೆಂಡೆಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿ ತಲುಪಿದರು. ಜುಲೈ ಕೊನೆಯಲ್ಲಿ ಸಿಯಾಟಲ್‌ಗೆ ಬಂದ ಮೇಲಿನ 54 ಪಂದ್ಯಗಳಲ್ಲಿ 19 ಸಲ ಪ್ರಯತ್ನಿಸಿ 19 ಸಲವೂ ಗೆದ್ದರು. ಪಿಚರ್‌ನ ಭುಜ, ಮೊಣಕಾಲು, ಉಸಿರಿನ ಲಯ ಇವನ್ನೆಲ್ಲ ಓದಿ, ಅವನು ಕಾಲೆತ್ತುವ ಮೊದಲೇ ಹೊರಟುಬಿಡುವ ಜಾಣ್ಮೆ ಅದು. ಪರದೆಯ ಮೇಲೆ ಆ ಓಟವನ್ನು ನೋಡುವಾಗ ಪ್ರತಿ ಸಲವೂ ಈತ ಸಿಕ್ಕಿಬಿದ್ದ ಎನ್ನಿಸುತ್ತದೆ, ಕ್ಯಾಚರ್ ಎಸೆಯುವ ಹೊತ್ತಿಗೆ ಅವರು ಅರ್ಧಕ್ಕಿಂತ ಮುಂದೆ ಹೋಗಿರುತ್ತಾರೆ. ವೇಗವನ್ನು ಅಳೆಯುವ ವೃತ್ತಕ್ಕೆ ಆ ಜಾಣ್ಮೆ ಕಾಣುವುದಿಲ್ಲ.

ಆದರೆ ಅದೇ ಪುಟದಲ್ಲಿ ಸ್ಟ್ರೈಕ್‌ಔಟ್‌ನ ವೃತ್ತ ಕೆಂಪಗಿದೆ. ಇಡೀ ವರ್ಷದಲ್ಲಿ ನೇಲರ್ ನೂರು ಬಾರಿಯೂ ಸ್ಟ್ರೈಕ್‌ಔಟ್ ಆಗಲಿಲ್ಲ, ಸಿಯಾಟಲ್ ಪರ .299 ಹೊಡೆದರು. ಮೈದಾನದ ಪಟ್ಟಿಯನ್ನೂ ಈ ವೃತ್ತವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಈ ತಂಡಕ್ಕೆ ಎಂಥ ಬ್ಯಾಟರ್ ಬೇಕು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತು. ನವೆಂಬರ್‌ನಲ್ಲಿ ಐದು ವರ್ಷಕ್ಕೆ 9.25 ಕೋಟಿ ಡಾಲರ್ ಒಪ್ಪಂದದ ಮೇಲೆ ಅವರನ್ನು ಉಳಿಸಿಕೊಂಡ ಸುದ್ದಿ ಬಂದಾಗ ಆದ ಸಂತೋಷ ಸಣ್ಣದಲ್ಲ.

ಹಣದ ಪ್ರಶ್ನೆ ಎತ್ತಿದೊಡನೆ ಸವಾಂಟ್ ಕೈಚೆಲ್ಲುತ್ತದೆ. ಯಾರ ಒಪ್ಪಂದ ಯಾವಾಗ ಮುಗಿಯುತ್ತದೆ, ಯಾರು ಆರು ವರ್ಷದ ಸೇವೆ ಮುಗಿಸಿ ಯಾವ ತಂಡಕ್ಕಾದರೂ ಹೋಗಬಲ್ಲ ಫ್ರೀ ಏಜೆಂಟ್ ಆಗುತ್ತಾರೆ, ನಲವತ್ತು ಜನರ ಪಟ್ಟಿಯಲ್ಲಿ ಎಷ್ಟು ಜಾಗ ಖಾಲಿಯಿದೆ, ಯಾರನ್ನು ಮೈನರ್ ಲೀಗ್‌ಗೆ ಕಳುಹಿಸಲು ಇನ್ನೂ ಅವಕಾಶವಿದೆ ಎಂಬುದನ್ನು ತೂಗಿ ನೋಡುವ ಸಾಧನ ಇಲ್ಲಿಲ್ಲ. ಅದಕ್ಕೆ ಫ್ಯಾನ್‌ಗ್ರಾಫ್ಸ್ ಎಂಬ ತಾಣದ ರೋಸ್ಟರ್ ರಿಸೋರ್ಸ್ ವಿಭಾಗವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಲೇಬೇಕು. ಇದನ್ನು ಸವಾಂಟ್‌ನ ತಪ್ಪೆಂದು ನಾನು ಹೇಳುವುದಿಲ್ಲ. ಅಂಗಳದಲ್ಲಿ ನಡೆದದ್ದನ್ನು ಅಳೆಯುವುದು ಅದರ ಕೆಲಸ. ಆದರೆ ಸವಾಂಟ್ ಒಂದನ್ನೇ ನೋಡಿ ತಂಡ ಕಟ್ಟಲು ಹೊರಟವರು ಕೆಂಪು ವೃತ್ತಗಳ ಆಸೆಗೆ ಬಿದ್ದು ಕೈಗೆಟುಕದ ಆಟಗಾರರ ಪಟ್ಟಿಯನ್ನೇ ಬರೆಯುತ್ತಾರೆ.

ಬುಲ್‌ಪೆನ್, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬರುವ ರಿಲೀವರ್ ಪಿಚರ್‌ಗಳ ವಿಷಯದಲ್ಲಿ ಈ ಸೇವೆ ನನ್ನ ಅಭಿಪ್ರಾಯವನ್ನೇ ಬದಲಿಸಿತು. ಎಡಗೈ ರಿಲೀವರ್‌ಗಳ ಪೈಕಿ ಗೇಬ್ ಸ್ಪೈಯರ್ ಮೇಲೆ 2025ರಲ್ಲಿ ಬಿದ್ದ ಭಾರ ಅತಿಯಾಗಿತ್ತು. ಡಿಸೆಂಬರ್‌ನಲ್ಲಿ ತಂಡವು ಯುವ ಕ್ಯಾಚರ್ ಹ್ಯಾರಿ ಫೋರ್ಡ್ ಅವರನ್ನು ಬಿಟ್ಟುಕೊಟ್ಟು ವಾಷಿಂಗ್ಟನ್‌ನಿಂದ ಎಡಗೈ ರಿಲೀವರ್ ಹೋಸೆ ಫೆರೆರ್ ಅವರನ್ನು ತಂದಾಗ ನನಗೆ ಮೊದಲು ಕಸಿವಿಸಿಯಾಯಿತು, ಏಕೆಂದರೆ ಫೆರೆರ್ ಅವರ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಡುವ ರನ್ನುಗಳ ಸರಾಸರಿ) ನಾಲ್ಕಕ್ಕಿಂತ ಮೇಲಿತ್ತು. ಸವಾಂಟ್ ಪುಟ ಬೇರೆಯದೇ ಚಿತ್ರ ಕೊಟ್ಟಿತು: ಗಂಟೆಗೆ 97 ಮೈಲಿಗೂ ಮೀರಿದ, ಕೆಳಕ್ಕೆ ಇಳಿಯುವ ಸಿಂಕರ್ ಎಸೆತ, ಬ್ಯಾಟಿಗೆ ತಗುಲಿದ ಚೆಂಡುಗಳಲ್ಲಿ ನೆಲಕ್ಕೆ ಬಡಿದು ಉರುಳುವವುಗಳೇ ಬಹುಪಾಲು. ಅಂಥ ಪಿಚರ್‌ನ ಹಿಂದೆ ಒಳ್ಳೆಯ ಇನ್‌ಫೀಲ್ಡ್ ಇದ್ದರೆ ಅದೇ ಚೆಂಡುಗಳು ಔಟ್‌ಗಳಾಗುತ್ತವೆ. ರಾಲಿ ಅವರು 2025ರ ಮಾರ್ಚ್‌ನಲ್ಲಿಯೇ ಆರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿರುವಾಗ ಫೋರ್ಡ್ ಅವರಿಗೆ ಇಲ್ಲಿ ಜಾಗವೂ ಇರಲಿಲ್ಲ. ಮನಸ್ಸು ಒಪ್ಪಲು ಎರಡು ಸಂಜೆ ಹಿಡಿಯಿತು, ಆದರೆ ಒಪ್ಪಿತು.

ಎಳೆಯ ಆಟಗಾರರ ವಿಷಯಕ್ಕೆ ಬಂದರೆ ಸವಾಂಟ್ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತದೆ. ಟಕೋಮಾದಲ್ಲಿರುವ, ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ನಮ್ಮ ಟ್ರಿಪಲ್-ಎ ತಂಡದ ಪಂದ್ಯಗಳ ಅಳತೆಗಳು ಸಿಗುತ್ತವೆ; ಅದಕ್ಕೂ ಕೆಳಗಿನ ಡಬಲ್-ಎ ಮಟ್ಟದ ಅಳತೆಗಳು ಸಾರ್ವಜನಿಕರಿಗೆ ಸಿಗುವುದಿಲ್ಲ. ಹೀಗಾಗಿ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಕೋಲ್ಟ್ ಎಮರ್ಸನ್ ಅವರಂಥ ಪ್ರತಿಭೆಯ ಬಗ್ಗೆ ಈ ತಾಣದಿಂದ ನಿರ್ಧಾರಕ್ಕೆ ಬರುವಷ್ಟು ಸಾಮಗ್ರಿ ದೊರೆಯದು. ಆದರೆ 2025ರಲ್ಲಿಯೇ ಮೇಜರ್ ಲೀಗ್‌ಗೆ ಬಂದ ಇಬ್ಬರ ಬಗ್ಗೆ ಸಾಕಷ್ಟು ಇದೆ. ಬೆನ್ ವಿಲಿಯಮ್ಸನ್ ಮೂರನೇ ಬೇಸ್‌ನಲ್ಲಿ ಭರವಸೆಯ ಫೀಲ್ಡರ್, ಅವರ ಬ್ಯಾಟಿಗೆ ಮಾತ್ರ ಬಲ ಸಾಲದು. ಕೋಲ್ ಯಂಗ್ ಅವರನ್ನು ಎರಡನೇ ಬೇಸ್‌ನಲ್ಲಿ ಒಂದು ಪೂರ್ಣ ವರ್ಷ ಆಡಿಸಿ ನೋಡಬೇಕು ಎಂಬ ಪಕ್ಷ ನನ್ನದು. 26 ಹೋಮ್ ರನ್ ಹೊಡೆದ ಹೋರ್ಹೆ ಪೊಲಾಂಕೊ ಮೆಟ್ಸ್ ಸೇರಿರುವುದರಿಂದ ಇನ್‌ಫೀಲ್ಡ್‌ನಲ್ಲಿ ಒಂದು ಅನುಭವಿ ಬ್ಯಾಟ್‌ನ ಕೊರತೆಯಂತೂ ಇದೆ. ಆ ಜಾಗಕ್ಕೆ ಎರಡನೇ ಮತ್ತು ಮೂರನೇ ಬೇಸ್ ಎರಡನ್ನೂ ಆಡಬಲ್ಲ, ಎಡಗೈಯಿಂದ ಬ್ಯಾಟ್ ಮಾಡುವ, ಸ್ಟ್ರೈಕ್‌ಔಟ್ ಕಡಿಮೆಯಿರುವ ಒಬ್ಬನನ್ನು ಟ್ರೇಡ್ ಮೂಲಕ ತರಬೇಕು. ಹೋಮ್ ರನ್ ಹದಿನೈದೇ ಇದ್ದರೂ ಚಿಂತೆಯಿಲ್ಲ.

ಬೇಸ್‌ಬಾಲ್‌ನ ಹಳೆಯ ಅಂಕಿಗಳಷ್ಟೇ ಗೊತ್ತಿರುವವರಿಗೆ ಸವಾಂಟ್ ಮೊದಲ ವಾರ ಗೊಂದಲ ತರುತ್ತದೆ, ಹಾಗಾಗಿ ಪರಿಚಿತ ಆಟಗಾರನೊಬ್ಬನ ಪುಟದಿಂದ ಆರಂಭಿಸುವುದು ಒಳ್ಳೆಯದು. ಹುಡುಕಾಟದ ವಿಭಾಗದಲ್ಲಿ ಪಿಚ್‌ನ (ಎಸೆತದ) ಬಗೆ, ಬಾಲ್-ಸ್ಟ್ರೈಕ್ ಎಣಿಕೆ, ಮೈದಾನ, ತಿಂಗಳು ಹೀಗೆ ಬೇಕಾದಷ್ಟು ಷರತ್ತು ಹಾಕಿ, ಬಂದ ಫಲಿತಾಂಶವನ್ನು ಕಡತವಾಗಿ ಇಳಿಸಿಕೊಳ್ಳಬಹುದು. ಶುಲ್ಕವಿಲ್ಲದ ಸೇವೆಯೊಂದು ಇಷ್ಟನ್ನು ಕೊಡುವುದು ದೊಡ್ಡ ಮಾತು. ವಸಂತದ ಅಭ್ಯಾಸ ಪಂದ್ಯಗಳು ಶುರುವಾಗುವವರೆಗೆ ನನ್ನ ಪರದೆಯ ಮೇಲೆ ಎರಡು ಪುಟಗಳು ತೆರೆದೇ ಇರುತ್ತವೆ: ಒಂದು ಕೋಲ್ ಯಂಗ್ ಅವರದು, ಇನ್ನೊಂದು ಸ್ಟ್ರೈಕ್‌ಔಟ್ ಪ್ರಮಾಣದ ಕ್ರಮದಲ್ಲಿ ಜೋಡಿಸಿದ ಎಡಗೈ ಇನ್‌ಫೀಲ್ಡರ್‌ಗಳ ಪಟ್ಟಿ.