ಜಾನ್ ಡೀ ದಿನಚರಿಯ ಮರುಮುದ್ರಣ: ಓದಲು ಯೋಗ್ಯವೇ, ಕೊಡಗಿನ ಮಳೆಗೆ ತಾಳುತ್ತದೆಯೇ?

ಆರ್ಡರ್ ಬಂದ ಮೇಲೆ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುವ ಆನ್‌ಲೈನ್ ಮುದ್ರಕರಿಂದಾಗಿ ಹಳೆಯ ಗುಹ್ಯವಿದ್ಯೆಯ ಪುಸ್ತಕಗಳು ಈಗ ತೋಟದ ಮನೆಗೂ ಬಂದು ಬೀಳುತ್ತವೆ. ಅವುಗಳಲ್ಲಿ ಒಂದು, ನಿರಾಸೆಗೂ ಕಾರಣವಾಗುವುದು, 16ನೆಯ ಶತಮಾನದ ಇಂಗ್ಲೆಂಡಿನ ಡಾ. ಜಾನ್ ಡೀ ದೇವದೂತರ ಜೊತೆ ನಡೆಸಿದನೆನ್ನುವ ಸಂಭಾಷಣೆಗಳ ದಾಖಲೆ. 1659ರಲ್ಲಿ ಮೆರಿಕ್ ಕಸೊಬನ್ ಎಂಬ ವಿದ್ವಾಂಸ ಲಂಡನ್ನಿನಲ್ಲಿ ಪ್ರಕಟಿಸಿದ ದಪ್ಪ ಫೋಲಿಯೊ ಅದು. ಇಲ್ಲಿ ನೋಡುತ್ತಿರುವುದು ಅದರ ಎ4 ಅಳತೆಯ, ಅಂಟು ಬೈಂಡಿಂಗಿನ, ಕಪ್ಪುಬಿಳುಪು ಮರುಮುದ್ರಣ. ಪುಟಗಳ ಸ್ಕ್ಯಾನ್ ಚಿತ್ರವನ್ನೇ ಅಚ್ಚು ಹಾಕಿದ ಪ್ರತಿಯಾದರೆ ಕೊಳ್ಳಬಹುದು. ಕಂಪ್ಯೂಟರ್ ಓದಿ ಹೊಸ ಅಕ್ಷರದಲ್ಲಿ ಜೋಡಿಸಿದ ಪ್ರತಿಯಾದರೆ ಬೇಡವೇ ಬೇಡ.

ಕಾರಣ ಸರಳ. ಆ ಕಾಲದ ಅಚ್ಚಿನಲ್ಲಿ ಪದದ ಮೊದಲಿಗೆ, ನಡುವೆ ಬರುವ ‘ಎಸ್’ ಉದ್ದಕ್ಕೆ ನಿಂತು ‘ಎಫ್’ನಂತೆಯೇ ಕಾಣುತ್ತದೆ. ಎಫ್‌ನ ಅಡ್ಡಗೆರೆ ಕಂಬವನ್ನು ದಾಟಿ ಬಲಕ್ಕೂ ಚಾಚಿರುತ್ತದೆ. ಎಸ್‌ಗೆ ಎಡಕ್ಕೆ ಮಾತ್ರ ಒಂದು ಸಣ್ಣ ಮೊನೆ, ಇಟಾಲಿಕ್ ಅಚ್ಚಿನಲ್ಲಿ ಅದೂ ಇರುವುದಿಲ್ಲ. ಯಂತ್ರ ಎರಡನ್ನೂ ಎಫ್ ಎಂದೇ ಓದುತ್ತದೆ. ಇಂಗ್ಲಿಷ್ ವಾಕ್ಯದಲ್ಲಾದರೆ ಓದುಗರೇ ಸರಿಮಾಡಿಕೊಳ್ಳಬಹುದು. ದೇವದೂತರು ಹೇಳಿಕೊಟ್ಟರೆನ್ನುವ ಭಾಷೆಯಲ್ಲಿ ಊಹೆಗೆ ಆಧಾರವೇ ಇಲ್ಲ. ಆ ಭಾಷೆಯ ಮಂತ್ರಗಳಿಗೆ ‘ಕರೆ’ ಎಂದು ಹೆಸರು; ಮೊದಲ ಕರೆಯ ಆರಂಭ ‘ಓಲ್ ಸೊನ್ಫ್ ವೋರ್ಸ್ಗ್’. ಮರುಜೋಡಣೆಯಲ್ಲಿ ಅದು ‘ಫೊನ್ಫ್’ ‘ವೋರ್ಫ್ಗ್’ ಆಗಿಬಿಟ್ಟರೆ ತಪ್ಪು ಎಂದು ಹೇಳಲು ಯಾರಿಗೆ ಸಾಧ್ಯ? ಇನ್ನೊಂದು ಪೆಟ್ಟು: ಡೀ ತನ್ನ ಮಾತನ್ನು ಗ್ರೀಕಿನ ಡೆಲ್ಟಾ ಎಂಬ ತ್ರಿಕೋನದಿಂದ ಗುರುತಿಸುತ್ತಾನೆ. ಯಂತ್ರ ಅದನ್ನು ‘ಎ’ ಎಂದು ಓದಿದರೆ, ಮಾತು ಯಾರದು ಎಂಬುದೇ ಕಳೆದುಹೋಗುತ್ತದೆ. ಹಣ ಕಟ್ಟುವ ಮೊದಲು ಮಾದರಿ ಪುಟ ತೆರೆದು ತ್ರಿಕೋನ ಇದೆಯೇ ನೋಡಿ. ಮಾದರಿ ಪುಟ ತೋರಿಸದ ಮಾರಾಟಗಾರರನ್ನು ಬಿಟ್ಟುಬಿಡಿ.

ವಿಷಯದ ಹಿನ್ನೆಲೆ ಚಿಕ್ಕದಾಗಿ: ಡೀ (ಜನನ 1527) ಗಣಿತಜ್ಞ, ಎಲಿಜಬೆತ್ ರಾಣಿಯ ಕಿರೀಟಧಾರಣೆಗೆ ದಿನ ನೋಡಿಕೊಟ್ಟವನು. 1582ರಲ್ಲಿ ಎಡ್ವರ್ಡ್ ಕೆಲ್ಲಿ ಅವನ ಜೊತೆ ಸೇರಿದ. ನಮ್ಮಲ್ಲಿ ಅಂಜನ ಹಾಕಿ ನೋಡುವವರ ಹಾಗೆ ಕೆಲ್ಲಿ ಸ್ಫಟಿಕದಲ್ಲಿ ಕಂಡದ್ದನ್ನು ಹೇಳುವುದು, ಡೀ ಕೂತು ಬರೆದುಕೊಳ್ಳುವುದು. ಸ್ವತಃ ಡೀಗೆ ಏನೂ ಕಾಣುತ್ತಿರಲಿಲ್ಲ ಎಂಬುದನ್ನು ಮರೆತು ಓದಿದರೆ ಇಡೀ ಪುಸ್ತಕ ತಪ್ಪಾಗಿ ಅರ್ಥವಾಗುತ್ತದೆ.

ಪುಸ್ತಕದ ದೊಡ್ಡ ಕೊರತೆ ಮುದ್ರಕರದ್ದಲ್ಲ, 1659ರದ್ದೇ. ದಾಖಲೆ 1583ರ ಮೇ 28ರಿಂದ ಶುರುವಾಗುತ್ತದೆ, ಏಳೋ ಒಂಬತ್ತೋ ವರ್ಷದ ಹುಡುಗಿಯ ರೂಪದಲ್ಲಿ ಮದಿಮಿ ಎಂಬ ಚೇತನ ಕಾಣಿಸಿಕೊಳ್ಳುವ ದಿನದಿಂದ. ಅದಕ್ಕೂ ಹಿಂದಿನ, 1581ರ ಡಿಸೆಂಬರಿನಿಂದ ಬರೆದ ಐದು ಪುಸ್ತಕಗಳು ಒಂದು ಪೆಟ್ಟಿಗೆಯ ಕಳ್ಳಗೂಡಿನಲ್ಲಿದ್ದು ಕಸೊಬನ್ ಕಣ್ಣಿಗೇ ಬಿದ್ದಿರಲಿಲ್ಲ. 1672ರಲ್ಲಿ ಅವು ಹಳೆಯ ಹಸ್ತಪ್ರತಿ ಕೂಡಿಡುತ್ತಿದ್ದ ಎಲಿಯಾಸ್ ಆಶ್ಮೋಲ್ ಕೈ ಸೇರಿದವು. ಅಷ್ಟರಲ್ಲಿ ಒಂದಿಷ್ಟು ಹಾಳೆಗಳನ್ನು ಮನೆಗೆಲಸದವಳು ಕಡುಬಿನ ತಟ್ಟೆಯಡಿ ಹಾಕಿ ಮುಗಿಸಿದ್ದಳು. ಸ್ಫಟಿಕ ನೋಡುವ ಸಭೆಗೆ ಬಳಸಿದ ಮೇಣದ ಮುದ್ರೆಯ ರಚನೆ, ಪವಿತ್ರ ಮೇಜಿನ ಅಳತೆ, ಚೇತನಗಳಲ್ಲಿ ಏಳು ರಾಜರು ಏಳು ರಾಜಕುಮಾರರ ವ್ಯವಸ್ಥೆ, ದೇವದೂತರ ಭಾಷೆಯ 21 ಅಕ್ಷರಗಳ ಲಿಪಿ, ಎಲ್ಲದರ ಮೂಲ ಅಲ್ಲಿದೆ. ಇವು ಬೇಕೆಂದು 1659ರ ಪುಸ್ತಕ ತರಿಸಿದವರಿಗೆ ಸಿಗುವುದು ಮೇಜಿನ ಒಂದು ಚಿತ್ರಪಟ ಅಷ್ಟೆ. ಬೇಕಾದದ್ದು ಬ್ರಿಟಿಷ್ ಲೈಬ್ರರಿಯ ಸ್ಲೋನ್ 3188 ಹಸ್ತಪ್ರತಿಯ ಸಂಪಾದಿತ ಆವೃತ್ತಿ. ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹಾಗಾದರೆ ಇದರಲ್ಲಿ ಏನಿದೆ? ಪೋಲೆಂಡಿನ ಕ್ರಾಕೋವ್ ನಗರದ 1584ರ ಬೇಸಿಗೆ ಇದೆ, ಅದೊಂದಕ್ಕೇ ಪುಸ್ತಕ ಬೆಲೆಬಾಳುತ್ತದೆ. 48 ಕರೆಗಳು ಅಲ್ಲಿಯೇ ಬಂದವು: 18 ಬೇರೆಬೇರೆ ಪಠ್ಯ, ಮತ್ತೆ 30 ‘ಆಕಾಶ’ಗಳಿಗೆ, ಅಂದರೆ ಒಂದರ ಮೇಲೊಂದಿರುವ ಸೂಕ್ಷ್ಮ ಲೋಕಗಳಿಗೆ, ಹೆಸರಷ್ಟೇ ಬದಲಿಸಿ ಹೇಳುವ ಒಂದೇ ಪಠ್ಯ. ಮೊದಮೊದಲಿನವನ್ನು ಒಂದೊಂದೇ ಅಕ್ಷರವಾಗಿ, ಕೊನೆಯಿಂದ ಮೊದಲಿಗೆ ಹೇಳಿಸಲಾಗಿದೆ. ನೇರವಾಗಿ ಉಚ್ಚರಿಸಿದರೆ ಅಪಾಯ ಎಂಬ ಭಯದಿಂದ. ಇದನ್ನು ತಿಳಿಯದೆ ಆ ಪುಟ ತೆರೆದವರಿಗೆ ಅಕ್ಷರಗಳ ರಾಶಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಡೀ ತಾನೇ ಶುದ್ಧಪ್ರತಿ ಮಾಡಿ ಇಂಗ್ಲಿಷ್ ಅರ್ಥ ಸೇರಿಸಿದ ಪಾಠ ಸ್ಲೋನ್ 3191ರಲ್ಲಿದೆ. ಅಚ್ಚಿನಲ್ಲಿ ತಪ್ಪು ಸಾಕಷ್ಟಿರುವುದರಿಂದ ಪದದ ವಿಷಯದಲ್ಲಿ ಅನುಮಾನ ಬಂದರೆ ಹಸ್ತಪ್ರತಿಯ ಪಾಠವನ್ನೇ ನಂಬಬೇಕು.

1584ರ ಜೂನ್ 25ರಂದು ಮಹಾಕೋಷ್ಟಕ ಬಂತು, ಚೇತನಗಳ ಹೆಸರುಗಳನ್ನು ಓದಿ ತೆಗೆಯುವ ಅಕ್ಷರಗಳ ಚೌಕಪಟ ಅದು. ನಾಲ್ಕು ಭಾಗ, ಒಂದೊಂದರಲ್ಲಿ ಅಡ್ಡಕ್ಕೆ 12, ಉದ್ದಕ್ಕೆ 13 ಮನೆ. ಅಂದರೆ ಭಾಗಕ್ಕೆ 156, ಒಟ್ಟು 624. ಎ4 ಪ್ರತಿಯಲ್ಲಿ ಇದು ಓದಲು ಬರುತ್ತದೆ. 6×9 ಇಂಚಿನ ಅಗ್ಗದ ಪ್ರತಿಯಲ್ಲಿ ಅಕ್ಷರ ಶಾಯಿ ಕಲೆಯಾಗಿ ಹೋಗುತ್ತದೆ. ಓದುವ ಕ್ರಮ ಹೀಗಿರಲಿ: ಗಣಿತದ ಚೌಕುಳಿ ಪುಸ್ತಕದಲ್ಲಿ ನಾಲ್ಕೂ ಭಾಗ ಕಪ್ಪು ಶಾಯಿಯಲ್ಲಿ ಬರೆದುಕೊಳ್ಳಿ. ಪ್ರತಿ ಸಾಲು ಬರೆದಾಗಲೂ 12 ಎಣಿಸಿ. ಒಂದು ಮನೆ ತಪ್ಪಿದರೆ ಅದರ ಕೆಳಗಿನಿಂದ ಹೊರಡುವ ಹೆಸರುಗಳೆಲ್ಲ ಕೆಡುತ್ತವೆ. ಆಮೇಲೆ ಪುಸ್ತಕದ ಕೊನೆಗೆ ಹೋಗಿ. 1587ರ ಏಪ್ರಿಲ್ 20ರಂದು, ಬೊಹೆಮಿಯಾದ ಟ್ರೆಬೊನ್‌ನಲ್ಲಿ, ಇದೇ ಕೋಷ್ಟಕ ತಿದ್ದುಪಡಿಯಾಗಿ ಬಂತು: ಭಾಗಗಳ ಜಾಗವೂ ಬದಲಾಯಿತು, ಕೆಲವು ಅಕ್ಷರಗಳೂ ಬದಲಾದವು. ಅದನ್ನು ಕೆಂಪು ಶಾಯಿಯಲ್ಲಿ ಅದೇ ಮನೆಗಳಲ್ಲಿ ಗುರುತಿಸಿ.

ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಮೂಲದಲ್ಲಿ 448ನೆಯ ಪುಟವಾದ ಮೇಲೆ ಪುಟಸಂಖ್ಯೆ ಮತ್ತೆ 1ರಿಂದ ಶುರುವಾಗಿ 45ರವರೆಗೆ ಹೋಗುತ್ತದೆ. 448ಕ್ಕೇ ನಿಲ್ಲಿಸಿದ ಪ್ರತಿಯಲ್ಲಿ ತಿದ್ದಿದ ಕೋಷ್ಟಕವೂ ಇಲ್ಲ, 1607ರ ಕೊನೆಯ ಸಂಭಾಷಣೆಗಳೂ ಇಲ್ಲ. ಪಾರ್ಸೆಲ್ ಬಿಚ್ಚಿದ ಕೂಡಲೇ ಮೊದಲು ಕೊನೆಯ ಪುಟ ನೋಡಿ. ಹಿಂದಿರುಗಿಸುವ ಅವಧಿ ಕಳೆದ ಮೇಲೆ ನೋಡಿ ಪ್ರಯೋಜನವಿಲ್ಲ.

ಎರಡು ಶಾಯಿಯ ಈ ಕೆಲಸ ಅತಿ ಎನಿಸಬಹುದು. ಆದರೆ ನಂತರದವರ ಬರಹ ಬಿಡಿಸಿ ಓದಲು ಇದೇ ಆಧಾರ. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ಗುಹ್ಯವಿದ್ಯೆ ಕಲಿಸುತ್ತಿದ್ದ ಗೋಲ್ಡನ್ ಡಾನ್ ಸಂಘದ ಕೋಷ್ಟಕಗಳಲ್ಲಿ ಒಂದೇ ಮನೆಯಲ್ಲಿ ಎರಡು, ಕೆಲವೊಮ್ಮೆ ಹೆಚ್ಚು ಅಕ್ಷರಗಳಿವೆ. ಎರಡು ಪಾಠಗಳನ್ನು ಒಟ್ಟಿಗೆ ಉಳಿಸಿಕೊಂಡದ್ದರ ಫಲ ಅದು. ಮನೆಗಳಿಗೆ ಹಚ್ಚುವ ಬಣ್ಣ, ಪಂಚಭೂತ, ಹೀಬ್ರೂ ರೀತಿಯ ಸ್ವರ ಸೇರಿಸಿ ಉಚ್ಚರಿಸುವ ಪದ್ಧತಿ, ಇವೆಲ್ಲ ಅವರ ಸೇರ್ಪಡೆ. 1909ರಲ್ಲಿ ಇಂಗ್ಲಿಷ್ ಮಾಂತ್ರಿಕ ಅಲಿಸ್ಟರ್ ಕ್ರೌಲಿ ಅಲ್ಜೀರಿಯಾದ ಮರುಭೂಮಿಯಲ್ಲಿ 30ರ ಪೈಕಿ 28 ಆಕಾಶಗಳ ಕರೆ ಹೇಳುತ್ತ ಸಾಗಿದ್ದು ಈ ಸಂಘದಿಂದ ಕಲಿತದ್ದರ ಬಲದ ಮೇಲೆ. 1969ರಲ್ಲಿ ಅಮೆರಿಕದಲ್ಲಿ ಸೈತಾನನ ಪಂಥ ಕಟ್ಟಿದ ಆಂಟನ್ ಲಾವೇ ಅವೇ ಕರೆಗಳಲ್ಲಿ ದೇವರ ಹೆಸರು ತೆಗೆದು ಸೈತಾನನ ಹೆಸರು ಹಾಕಿದ. ಡೀ ಪ್ರತಿ ಸಭೆಗೂ ಮೊದಲು ಪ್ರಾರ್ಥನೆ ಮಾಡುತ್ತಿದ್ದ ಭಕ್ತ ಕ್ರೈಸ್ತ. ಈಗ ಆನ್‌ಲೈನಿನಲ್ಲಿ ಉಂಗುರ, ತಗಡು ಮಾರುವವರ ‘ಡೀ ಪದ್ಧತಿ’ಯಲ್ಲಿ ಡೀಯದ್ದು ಎಷ್ಟಿದೆ ಎಂದು ಈ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ನಗು ಬರುತ್ತದೆ.

ಎಲ್ಲವೂ ಗೂಢಲಿಪಿ ಎನ್ನುವವರೂ ಇದ್ದಾರೆ. 17ನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್ ಅಂಥವನೇ ಹಾಗೆ ವಾದಿಸಿದ್ದ. ಡೀಗೂ ಹಿಂದಿನ ಜರ್ಮನ್ ಮಠಾಧಿಪತಿ ಟ್ರಿಥೇಮಿಯಸ್ ಚೇತನಗಳ ಬಗ್ಗೆ ಬರೆದಂತೆ ಕಾಣುವ ಕೃತಿಯ ಮೂರನೆಯ ಪುಸ್ತಕ ನಿಜಕ್ಕೂ ಗೂಢಲಿಪಿ ಎಂದು 1990ರ ದಶಕದಲ್ಲಿ ಬಿಡಿಸಿ ತೋರಿಸಿದ್ದೂ ಉಂಟು. ಡೀ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ. ತನ್ನ ಖಾಸಗಿ ಟಿಪ್ಪಣಿಯಲ್ಲೂ ಅವನು ದೇವದೂತರನ್ನು ನಂಬಿಯೇ ಬರೆಯುತ್ತಾನೆ.

ಇನ್ನು ತೇವ. ಈ ಪುಸ್ತಕದ ಮೂಲವೇ ತೇವಕ್ಕೆ ಸಿಕ್ಕಿದ್ದು: ಹಸ್ತಪ್ರತಿ ಮಣ್ಣಿನಲ್ಲಿ ಹೂತಿತ್ತು, ಹೊರತೆಗೆದ ಮೇಲೂ ಕೊಳೆಯುತ್ತ ಬಂದದ್ದರಿಂದ ಅದರ ಒಡೆಯ ಥಾಮಸ್ ಕಾಟನ್ ಅದನ್ನು ನಕಲು ಮಾಡಿಸಿದ ಎಂದು ಕಸೊಬನ್ ಮುನ್ನುಡಿಯಲ್ಲೇ ಹೇಳುತ್ತಾನೆ. ಮರುಮುದ್ರಣಕ್ಕೆ ಭಾಗಮಂಡಲ, ಮಡಿಕೇರಿ ಕಡೆಯ ಮಳೆ ಅದಕ್ಕಿಂತ ದಯೆ ತೋರುವುದಿಲ್ಲ. ರಕ್ಷಾಪುಟದ ಪ್ಲಾಸ್ಟಿಕ್ ಪದರ ತೇವ ಹೀರುವುದಿಲ್ಲ, ಒಳಗಿನ ಕಾಗದ ಹೀರಿ ಹಿಗ್ಗುತ್ತದೆ. ಹಾಗಾಗಿ ಜುಲೈ ಹೊತ್ತಿಗೆ ರಟ್ಟು ಸುರುಳಿ ಏಳುತ್ತದೆ. ಪುತ್ತರಿ ಕಳೆದು ಮೇ ಒಳಗೆ ತರಿಸಿಕೊಳ್ಳಿ. ಕಕ್ಕಡದಲ್ಲಿ ಕೊರಿಯರ್ ಪೆಟ್ಟಿಗೆ ಒದ್ದೆಯಾಗಿಯೇ ಬರುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಕಟ್ಟಿಡಿ, ತೇವಮಾಪಕ 60ರ ಕೆಳಗೆ ತೋರಿಸಬೇಕು. ಕಿತ್ತಳೆ ಕಾಳು ಹಸಿರಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಸಿದ್ಧ. ನೀಲಿ ಕಾಳಿನಲ್ಲಿ ಕೋಬಾಲ್ಟ್ ಲವಣ ಇರುವುದರಿಂದ ಅಡುಗೆ ಪಾತ್ರೆಗೆ ತರಬೇಡಿ. ನುಸಿಗುಳಿಗೆ ಬೂಸ್ಟನ್ನು ತಡೆಯುವುದಿಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಗಾಳಿಯಾಡುವ ಕಪಾಟೇ ಸಾಕಾದೀತು.

ಬೆನ್ನಿನ ಅಂಟು ಬಿಡುವುದು ಹೆಚ್ಚಾಗಿ ಕೋಷ್ಟಕದ ಪುಟಗಳಲ್ಲಿ, ಅಲ್ಲಿ ಪುಸ್ತಕವನ್ನು ಒತ್ತಿ ಬಿಡಿಸಿ ಓದುವುದರಿಂದ. ಬಿಟ್ಟರೆ ಮತ್ತೆ ಅಂಟು ಹಾಕಿಸಬೇಡಿ. ಬೈಂಡಿಂಗ್ ಮಾಡುವವರ ಬಳಿ 448ನೆಯ ಪುಟದಲ್ಲಿ ಎರಡಾಗಿ ಬೇರ್ಪಡಿಸಿ, ದಾರದಲ್ಲಿ ಹೊಲಿಸಿ. ಎರಡನೆಯ ಭಾಗ ತೆಳ್ಳಗಿರುತ್ತದೆ. ನಿಮ್ಮ ಕಪ್ಪು ಕೆಂಪು ಚೌಕುಳಿ ಹಾಳೆಗಳನ್ನೂ ಅದರ ಹಿಂದೆ ಸೇರಿಸಿಯೇ ಹೊಲಿಸಿಕೊಳ್ಳಬಹುದು.