ಕುಬರ್ನೆಟೀಸ್: ಎರಡು ವರ್ಷ ದಿನಾ ಬಳಸಿದ ಮೇಲೆ

ನಾವು 4 ಜನ, ನೋಡಿಕೊಳ್ಳಬೇಕಾದ ಸರ್ವಿಸ್‌ಗಳು 11. ಎರಡು ವರ್ಷದಿಂದ ಎಲ್ಲವೂ ಕುಬರ್ನೆಟೀಸ್ ಮೇಲೇ ಓಡುತ್ತಿವೆ. ಇದು ಕಂಟೇನರ್‌ಗಳನ್ನು (ಬೇಕಾದ್ದನ್ನೆಲ್ಲ ಜೊತೆಗೇ ಕಟ್ಟಿಕೊಂಡು ಓಡುವ ಪ್ರೋಗ್ರಾಂಗಳನ್ನು) ಹಲವು ಸರ್ವರ್‌ಗಳ ಮೇಲೆ ಓಡಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್. ನನಗೆ ಇದು ತುಂಬಾ ಇಷ್ಟ. ಆದರೆ ಇದರ ದೊಡ್ಡ ಗುಣವೇ ನಮ್ಮನ್ನು ಒಮ್ಮೆ ಚೆನ್ನಾಗಿ ಏಮಾರಿಸಿತು, ಅದನ್ನು ಹೇಳಲೇಬೇಕು.

ಆ ಗುಣ ಏನಂದ್ರೆ, ಈ ಸರ್ವಿಸ್‌ನ 3 ಪಾಡ್ (ಕಂಟೇನರ್ ಓಡುವ ಘಟಕ, ಇಲ್ಲಿ ಒಂದೊಂದೂ ಸರ್ವಿಸ್‌ನ ಒಂದು ಪ್ರತಿ) ಯಾವಾಗಲೂ ಇರಬೇಕು ಅಂತ ಯಾಮಲ್ ಅನ್ನೋ ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಿಟ್ಟರೆ ಸಾಕು, ಒಂದು ಬಿದ್ದರೆ ಇನ್ನೊಂದನ್ನು ಅದೇ ಎಬ್ಬಿಸುತ್ತದೆ. ಒಂದು ಸರ್ವರ್ ಪೂರ್ತಿ ಕೈಕೊಟ್ಟರೂ ಕೆಲವು ನಿಮಿಷ ಕಾದು, ಉಳಿದ ಸರ್ವರ್‌ಗಳಲ್ಲಿ ಜಾಗ ಇದ್ದರೆ ಅಲ್ಲಿ ಹೊಸ ಪಾಡ್ ಶುರು ಮಾಡುತ್ತದೆ. ಮೊದಲು ಇದಕ್ಕೆಲ್ಲ ನಡುರಾತ್ರಿ ಎದ್ದು ಕೂರಬೇಕಿತ್ತು.

ನಮ್ಮ ಒಂದು ಸರ್ವಿಸ್‌ನಲ್ಲಿ ಮೆಮೊರಿ ಸೋರುತ್ತಿತ್ತು, ಅಂದರೆ ಬಳಸಿದ ಮೆಮೊರಿಯನ್ನು ವಾಪಸ್ ಬಿಡುತ್ತಿರಲಿಲ್ಲ. ನಾವು ಇಟ್ಟ ಲಿಮಿಟ್ 512 ಎಂಬಿ. ಅಷ್ಟು ದಾಟಿದ ಕೂಡಲೇ ಕಂಟೇನರ್ ಸಾಯುತ್ತದೆ, ಹೊಸದು ಏಳುತ್ತದೆ, ಅದೂ ನಿಧಾನಕ್ಕೆ ತುಂಬಿಕೊಂಡು ಸಾಯುತ್ತದೆ, ಉಳಿದ ಎರಡು ಪಾಡ್ ಕೆಲಸ ನಡೆಸುವುದರಿಂದ ಹೊರಗೆ ಯಾರಿಗೂ ಗೊತ್ತೇ ಆಗುವುದಿಲ್ಲ. ಒಂದು ದಿನ ಬೇರೇನೋ ಹುಡುಕುತ್ತಾ ಪಾಡ್‌ಗಳ ಪಟ್ಟಿ ತೆಗೆದೆ. ರೀಸ್ಟಾರ್ಟ್ಸ್ ಕಾಲಮ್‌ನಲ್ಲಿ 214! ಡಿಸ್ಕ್ರೈಬ್ ಕಮಾಂಡ್ ಹಾಕಿ ವಿವರ ನೋಡಿದರೆ ಓಓಎಂ ಕಿಲ್ಡ್ (ಮೆಮೊರಿ ಸಾಲದೆ ಕೊಂದದ್ದು), ಎಕ್ಸಿಟ್ ಕೋಡ್ 137. ತಪ್ಪು ನಮ್ಮ ಕೋಡ್‌ನದು, ಅಲರ್ಟ್ ಹಾಕದೇ ಇದ್ದದ್ದೂ ನಮ್ಮದೇ. ಬಿದ್ದವರನ್ನು ಎತ್ತುವುದು ಇದರ ಕೆಲಸ, ಯಾಕೆ ಬಿದ್ದರು ಅಂತ ನಾವೇ ಕೇಳಬೇಕು.

ಲೈವ್‌ನೆಸ್ ಪ್ರೋಬ್ ಬಗ್ಗೆಯೂ ಹುಷಾರು. ಕಂಟೇನರ್ ಬದುಕಿದೆಯಾ ಅಂತ ಆಗಾಗ ನೋಡುವ ಪರೀಕ್ಷೆ ಅದು, ಫೇಲ್ ಆಗುತ್ತಾ ಇದ್ದರೆ ಕುಬರ್ನೆಟೀಸ್ ರೀಸ್ಟಾರ್ಟ್ ಮಾಡುತ್ತದೆ. ಅದರೊಳಗೆ ಡೇಟಾಬೇಸ್ ಚೆಕ್ ಸೇರಿಸಬೇಡಿ. ಡೇಟಾಬೇಸ್ ಸ್ವಲ್ಪ ನಿಧಾನವಾದರೂ ಚೆನ್ನಾಗಿದ್ದ ಪಾಡ್‌ಗಳೆಲ್ಲ ಒಟ್ಟಿಗೇ ರೀಸ್ಟಾರ್ಟ್ ಆಗಿ ತೊಂದರೆ ಇನ್ನೂ ಜಾಸ್ತಿಯಾಗುತ್ತದೆ.

ಅಪ್‌ಗ್ರೇಡ್ ಬೇರೆಯೇ ಕೆಲಸ. ವರ್ಷಕ್ಕೆ 3 ಹೊಸ ಆವೃತ್ತಿ ಬರುತ್ತವೆ, ಒಂದೊಂದಕ್ಕೂ ಸುಮಾರು 14 ತಿಂಗಳು ಪ್ಯಾಚ್ ಸಿಗುತ್ತದೆ. ಸುಮ್ನೆ ಬಿಟ್ಟರೆ ಹಿಂದೆ ಬೀಳುತ್ತೀರಿ, ಆಮೇಲೆ ಒಂದೊಂದೇ ಆವೃತ್ತಿ ಹತ್ತಿಕೊಂಡು ಬರಬೇಕು. 2022ರಲ್ಲಿ 1.24 ಬಂದಾಗ ಡಾಕರ್‌ಶಿಮ್ (ಕಂಟೇನರ್ ಓಡಿಸುವ ಡಾಕರ್ ಅನ್ನೋ ಸಾಫ್ಟ್‌ವೇರನ್ನು ಕುಬರ್ನೆಟೀಸ್‌ಗೆ ಜೋಡಿಸುತ್ತಿದ್ದ ಭಾಗ) ತೆಗೆದೇ ಹಾಕಿದರು, ಅದನ್ನೇ ನಂಬಿಕೊಂಡಿದ್ದವರು ಕಂಟೇನರ್ ಓಡಿಸಲು ಕಂಟೇನರ್‌ಡಿ ತರಹದ್ದಕ್ಕೆ ಬದಲಾಗಬೇಕಾಯಿತು.

ಎರಡೇ ಸರ್ವಿಸ್, ಒಂದೇ ಸರ್ವರ್ ಇದ್ದರೆ ಇದು ಬೇಡ, ಒಂದೇ ಸರ್ವರ್‌ನಲ್ಲಿ ಕೆಲವು ಕಂಟೇನರ್ ಒಟ್ಟಿಗೆ ಓಡಿಸುವ ಡಾಕರ್ ಕಂಪೋಸ್ ಸಾಕು. ಕಲಿಯಬೇಕು ಅಂತಿದ್ದರೆ ಕುಬರ್ನೆಟೀಸ್‌ನ ಹಗುರ ರೂಪವಾದ ಕೆ3ಎಸ್ ಹಾಕಿಕೊಳ್ಳಿ. 100 ಎಂಬಿಗಿಂತ ಚಿಕ್ಕ ಒಂದೇ ಪ್ರೋಗ್ರಾಂ ಫೈಲ್, ಒಂದೇ ಸರ್ವರ್ ಆದರೆ ಎಟ್‌ಸಿಡಿ (ಕುಬರ್ನೆಟೀಸ್ ತನ್ನ ಮಾಹಿತಿ ಇಟ್ಟುಕೊಳ್ಳುವ ಡೇಟಾಬೇಸ್) ಬದಲು ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ನಲ್ಲೇ ನಡೆಯುತ್ತದೆ, ಹಳೇ ಲ್ಯಾಪ್‌ಟಾಪ್ ಕೂಡ ಸಾಕಾಗುತ್ತದೆ. ಅದರಲ್ಲಿ ಬೇಕಂತಲೇ ಒಂದು ಪಾಡ್ ಅಳಿಸಿ, ಹೊಸದು ಏಳುವುದನ್ನು ಕಣ್ಣಾರೆ ನೋಡಿ. ಆಮೇಲೆ ಲಿಮಿಟ್ ಬೇಕಂತಲೇ ಕಡಿಮೆ ಇಟ್ಟು ಆ ರೀಸ್ಟಾರ್ಟ್ಸ್ ಕಾಲಮ್ ಏರುವುದನ್ನೂ ನೋಡಿ.