ಕಾಲೇಜಿನ ಪ್ರಾಜೆಕ್ಟಿಗೆ ಸಣ್ಣ ಅನುದಾನ: ಯಾವ ಬಾಗಿಲು ತಟ್ಟಬೇಕು?

ಬ್ಯಾಡಗಿ ಕಡೆಯ ರೈತರ ಜೊತೆ ಸೇರಿ ಮೆಣಸಿನಕಾಯಿ ಒಣಗಿಸೋ ಯಂತ್ರ ಮಾಡಬೇಕು ಅಂತಿದ್ದೀರಾ? ಹಣಕ್ಕೆ ಮೊದಲು ನೆನಪಾಗೋದು ಎರಡು ದಾರಿ.

ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗರಿಗೆ ಹೇಳಿ ಮಾಡಿಸಿದಂತಿದೆ. ಮೊತ್ತ ಚಿಕ್ಕದು. ಮೋಟಾರು, ಸೆನ್ಸರು, ತಗಡು ತರೋಕೆ ಸಾಕು, ಬ್ಯಾಡಗಿಗೆ ವಾರಕ್ಕೊಮ್ಮೆ ಓಡಾಡೋಕೆ ಸಾಲದು. ವರ್ಷ ಮುಗಿದರೆ ಹುಡುಗರೂ ಹೋಗ್ತಾರೆ, ಯಂತ್ರ ಲ್ಯಾಬಿನ ಮೂಲೆ ಸೇರುತ್ತೆ, ಇದು ನನಗೆ ತುಂಬಾ ಬೇಜಾರಾಗೋ ವಿಷಯ.

ಕಾಲೇಜುಗಳನ್ನು ಹಳ್ಳಿಗಳ ಜೊತೆ ಜೋಡಿಸೋಕೆ ಕೇಂದ್ರ ಸರ್ಕಾರ 2014ರಲ್ಲಿ ಶುರುಮಾಡಿದ ಉನ್ನತ ಭಾರತ ಅಭಿಯಾನ ಬೇರೆ ಥರ. ಕಾಲೇಜು ಕನಿಷ್ಠ 5 ಹಳ್ಳಿ ದತ್ತು ತಗೋಬೇಕು, ಮನೆಮನೆ ಸಮೀಕ್ಷೆ ಮಾಡಬೇಕು. ಕೆಲಸ ಜಾಸ್ತಿ, ನಿಜ. ಆದರೆ ಪಂಚಾಯಿತಿ ಕಟ್ಟೆ ಮೇಲೆ ಕೂತು ಅಜ್ಜಿಯೊಬ್ಬರು ಮೆಣಸಿನಕಾಯಿ ಮುರಿದು, ಸದ್ದು ಕೇಳಿಸಿ, 'ಇನ್ನೂ ಹಸಿ ಐತಿ ತಮ್ಮಾ' ಅಂದಾಗ ಹುಡುಗರು ಕಲಿಯೋದು ಲ್ಯಾಬಿನಲ್ಲಿ ಸಿಗಲ್ಲ.

ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡೋ ಸಿಎಸ್‌ಆರ್ ಹಣವೂ ಇದೆ, ಆದರೆ ಲಾಭದ ಶೇ. 2ರಷ್ಟನ್ನು ಹೀಗೆ ಖರ್ಚು ಮಾಡಬೇಕು ಅನ್ನೋ 2013ರ ಕಂಪನಿ ಕಾಯ್ದೆಯ ನಿಯಮ ದೊಡ್ಡ ಕಂಪನಿಗಳಿಗೆ ಮಾತ್ರ. ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ವರ್ಕ್‌ಶಾಪಿನವರ ಹತ್ತಿರ ಹಣ ಕೇಳಬೇಡಿ, ಲೇತ್ ಮೇಲೆ ಎರಡು ದಿನ ಕೆಲಸ ಮಾಡೋಕೆ ಬಿಡ್ತೀರಾ ಅಂತ ಕೇಳಿ.

ಒಂದೇ ವರ್ಷದಲ್ಲಿ ಮಾದರಿ ಬೇಕಾದರೆ ಮಂಡಳಿ. ರೈತರ ಜೊತೆ ಮೂರ್ನಾಲ್ಕು ವರ್ಷ ಇರೋ ಮನಸ್ಸಿದ್ದರೆ ಅಭಿಯಾನ. ನಾನಾದರೆ ಎರಡನೇದು. ಎಲ್ಲಿಗೆ ಹೋದರೂ ಪಾಲುದಾರರ ಒಪ್ಪಿಗೆ ಪತ್ರ ಮೊದಲೇ ಬರೆಸಿಕೊಳ್ಳಿ. ನಮಗೊಮ್ಮೆ ಆ ಒಂದು ಸಹಿ ತಡವಾಗಿ ಇಡೀ ವರ್ಷವೇ ಹೋಯಿತು.